ಗಂಟು ತೆಗೆದ ಮೇಲೂ ಬೆನ್ನಿಗೆ ಹೇಗೆ ಬಂತು?

ಒಂದೇ ಒಂದು ಮಿಲಿಮೀಟರ್ ಉದ್ದದ ಹುಳುವೊಂದರ ಸಂಗತಿಯನ್ನು ಈ ಸಲ ನಿಮಗೆ ಹೇಳಬೇಕಾಗಿದೆ. ಹುಳು ಎಂದ ಕೂಡಲೇ ಪುಟ ತಿರುವಿ ಚಕ್ಕುಲಿ, ಕೋಡುಬಳೆಯ ಕಡೆಗೆ ಓಡಬೇಡಿ. ಅಕ್ಕಿಯಲ್ಲಿ, ರವೆಯಲ್ಲಿ ನಮ್ಮ ಪ್ರಾಣ ತಿನ್ನುವ ಹುಳುವಲ್ಲ ಇದು. ಮಣ್ಣಿನಲ್ಲಿ, ಕೊಳೆತ ಎಲೆ ಹಣ್ಣುಗಳಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ನಮ್ಮ ತಂಟೆಗೆ ಬರುವುದಿಲ್ಲ. ಆದರೆ ಹೆಂಗಸಿನ ಎದೆಯಲ್ಲಿ ಹುಟ್ಟುವ ಗಂಟು ಏಕೆ ಬೆಳೆಯುತ್ತದೆ, ಅಲ್ಲಿಂದ ಎದ್ದು ಬೆನ್ನುಮೂಳೆಗೋ ಶ್ವಾಸಕೋಶಕ್ಕೋ ಹೇಗೆ ಹೋಗಿ ಕೂರುತ್ತದೆ ಎಂಬುದಕ್ಕೆ ಸಂಬಂಧಪಟ್ಟ ಒಂದು ಗುಟ್ಟು ಮೊದಲು ಬಯಲಾದದ್ದು ಈ ಹುಳುವಿನ ಹೊಟ್ಟೆಯಿಂದಲೇ.

ಇಂಥ ಮಾತನ್ನು ಇಷ್ಟು ಬಿಡಿಸಿ ಬರೆಯಬೇಕೆ ಎಂದು ಹುಬ್ಬೇರಿಸುವವರೂ ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ನಮ್ಮ ಮನೆಗಳಲ್ಲಿ 'ಅಲ್ಲಿ', 'ಆ ಜಾಗದಲ್ಲಿ' ಎಂದು ಸೆರಗು ಸರಿಮಾಡಿಕೊಂಡು ಹೇಳುತ್ತೇವೆಯೇ ಹೊರತು ಸ್ತನ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುವುದಿಲ್ಲ. ಆದರೆ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ನೇ ವರ್ಷ ಒಂದರಲ್ಲೇ ನಮ್ಮ ದೇಶದ ಸುಮಾರು 1 ಲಕ್ಷ 92 ಸಾವಿರ ಹೆಂಗಸರಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಭಾರತದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇದೇ. ಇಷ್ಟು ಮಂದಿಯ ಸಂಕಟವನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳುವುದಾದರೂ ಹೇಗೆ ಹೇಳಿ?

ನನಗೆ ಈ ವಿಷಯ ತಿಳಿದುಕೊಳ್ಳಲೇಬೇಕಾಗಿ ಬಂದದ್ದು ನಮ್ಮಮ್ಮನಿಂದ. ದೊಡ್ಡಕ್ಕನಿಗೆ 2011ರಲ್ಲಿ ಎಡಗಡೆ ಗಂಟು ಬಂತು. ಆಪರೇಷನ್ ಆಯಿತು, ಕೂದಲು ಉದುರಿಸುವ ಇಂಜೆಕ್ಷನ್ನುಗಳಾದವು, ನಮ್ಮ ಕಡೆ 'ಕರೆಂಟ್ ಕೊಡೋದು' ಅಂತೀವಲ್ಲ, ಆ ವಿಕಿರಣ ಚಿಕಿತ್ಸೆಯೂ ಆಯಿತು. ಆಮೇಲೆ ಆರು ವರ್ಷ ಅಕ್ಕ ನಮ್ಮೆಲ್ಲರಿಗಿಂತ ಚುರುಕಾಗಿಯೇ ಓಡಾಡಿಕೊಂಡಿದ್ದಳು. ಮಗಳ ಮದುವೆ ಮಾಡಿದಳು, ಬಾಣಂತನವನ್ನೂ ಮಾಡಿದಳು. 2017ರ ದೀಪಾವಳಿ ಮುಂದೆ ಬೆನ್ನುನೋವು ಅಂದಳು. ಸ್ಕ್ಯಾನ್ ಆಯಿತು. ಎದೆಯಲ್ಲಿ ಏನೂ ಇರಲಿಲ್ಲ, ಬೆನ್ನುಮೂಳೆಯಲ್ಲಿ ಇತ್ತು. 2019ರಲ್ಲಿ ಅಕ್ಕ ಹೋದಳು.

ಅಂದಿನಿಂದ ಅಮ್ಮನದು ಒಂದೇ ಪ್ರಶ್ನೆ. "ಗಂಟು ಪೂರ್ತಿ ತೆಗ್ದಿದೀವಿ ಅಂದ್ರಲ್ಲೇ ಡಾಕ್ಟ್ರು. ತೆಗೆದ ಮೇಲೂ ಬೆನ್ನಿಗೆ ಹೇಗೆ ಬಂತು?" ಉತ್ತರವನ್ನೂ ಅವಳೇ ಹೇಳಿಕೊಳ್ಳುತ್ತಿದ್ದಳು. "ಚಾಕು ತಾಗ್ಸಬಾರ್ದಿತ್ತು. ತಾಗಿಸಿದ್ರೆ ಕೆರಳತ್ತೆ ಅಂತ ಹಿರಿಯರು ಸುಮ್ನೆ ಹೇಳ್ತಿದ್ರಾ? ಅವಳು ಬೇಡ ಬೇಡ ಅಂತಿದ್ಲು, ನಾನೇ ಹಟ ಮಾಡಿ ಆಪರೇಷನ್ ಮಾಡ್ಸಿದೆ." ಎಪ್ಪತ್ತೆಂಟು ವಯಸ್ಸಿನ ಆ ಜೀವ ರಾತ್ರಿಯೆಲ್ಲ ನಿದ್ದೆ ಮಾಡದೆ ಈ ಮಾತನ್ನೇ ಅರೆಯುತ್ತಿತ್ತು. ಬಂದವರ ಮುಂದೆ, ಹೋದವರ ಮುಂದೆಯೂ ಅದೇ. ಕೇಳಿದವರೆಲ್ಲ ಪಾಪ ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಹಾಗೆ ಕೇಳಿದವರಲ್ಲಿ ನನ್ನ ಓರಗಿತ್ತಿಯೂ ಒಬ್ಬಳು. 2023ರಲ್ಲಿ ಸ್ನಾನ ಮಾಡುವಾಗ ಅವಳ ಕೈಗೇ ಒಂದು ಗಂಟು ಸಿಕ್ಕಿತು. ಅಡಿಕೆಯಷ್ಟು ದಪ್ಪ, ಒತ್ತಿದರೆ ನೋವೇ ಇಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಎಂದರು ಊರಿನ ಡಾಕ್ಟರಮ್ಮ. ಇವಳು ಮನೆಗೆ ಬಂದವಳೇ, "ಅಕ್ಕಾ, ನಿಮ್ಮಮ್ಮ ಹೇಳಿದ್ದು ನಾನು ಮರ್ತಿಲ್ಲ. ಸೂಜೀನೂ ಬೇಡ, ಚಾಕೂನೂ ಬೇಡ. ಇದ್ದ ಕಡೆ ಇದ್ಕೊಂಡಿರ್ಲಿ ಬಿಡಿ" ಎಂದುಬಿಟ್ಟಳು. 'ಛೆ, ಹಾಗೆಲ್ಲ ಏನಿಲ್ಲ' ಎಂದರೆ ಒಪ್ಪುವ ಹೆಂಗಸಲ್ಲ ಅವಳು. ಕಾರಣ ಕೇಳುತ್ತಾಳೆ. ಕಾರಣ ಹುಡುಕಿಕೊಂಡು ನಾನು ಡಾಕ್ಟರಮ್ಮನ ಹತ್ತಿರ ಹೋದೆ. ಅಣ್ಣನ ಮಗಳು ಮೈಸೂರಿನಲ್ಲಿ ಜೀವಶಾಸ್ತ್ರ ಓದುತ್ತಾಳೆ, ಅವಳ ತಲೆಯನ್ನೂ ತಿಂದೆ. ತಿಳಿದದ್ದನ್ನು ನಮ್ಮ ಅಡುಗೆಮನೆ ಭಾಷೆಗೆ ಇಳಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮದುವೆ ಮನೆಯ ಅಡುಗೆಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರ ಹತ್ತಿರ ಒಂದು ದಪ್ಪ ಪುಸ್ತಕವಿದೆ, ತಿಳಿಸಾರಿನಿಂದ ಚಿರೋಟಿಯವರೆಗೆ ಎಲ್ಲದರ ವಿಧಾನವೂ ಅದರಲ್ಲಿದೆ. ಎಣ್ಣೆ ಮಸಿ ಆಗಬಾರದೆಂದು ಅದನ್ನು ಬೀರುವಿನಿಂದ ಹೊರಗೆ ತೆಗೆಯುವುದಿಲ್ಲ. ಬೇಕಾದ ಪುಟವನ್ನಷ್ಟೇ ಚೀಟಿಗೆ ನಕಲು ಮಾಡಿ ಭಟ್ಟರಿಗೆ ಕಳಿಸುತ್ತಾರೆ. ಭಟ್ಟರು ಚೀಟಿ ನೋಡಿ ಒಲೆ ಹಚ್ಚುತ್ತಾರೆ. ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ನಡೆಯುವುದು ಇದೇ. ಬೀರುವಿನೊಳಗಿನ ಪುಸ್ತಕ ಎಂದರೆ ಡಿಎನ್‌ಎ. ಅದರ ಒಂದೊಂದು ವಿಧಾನ ಒಂದೊಂದು ಜೀನ್. ನಕಲು ಚೀಟಿ ಆರ್‌ಎನ್‌ಎ. ಒಲೆಯ ಮೇಲೆ ತಯಾರಾಗುವ ಪದಾರ್ಥ ಪ್ರೋಟೀನು. ಹೃದಯದ ಕೋಶಕ್ಕೂ ಚರ್ಮದ ಕೋಶಕ್ಕೂ ಪುಸ್ತಕ ಒಂದೇ. ಯಾವ ಪುಟದ ಚೀಟಿ ಎಷ್ಟು ಹೊರಟಿತು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಈಗ ಪಂಕ್ತಿ ನೋಡಿಕೊಂಡು ಬಂದ ಮನೆಯ ಹಿರಿಯಳೊಬ್ಬಳು 'ಹೋಳಿಗೆ ಸಾಕು, ಇನ್ನು ಬೇಯಿಸಬೇಡಿ' ಎಂದು ಅಂಗೈಯಗಲದ ಚೀಟಿಯೊಂದನ್ನು ಒಳಗೆ ಕಳಿಸುತ್ತಾಳೆ ಎಂದುಕೊಳ್ಳಿ. ಆ ಸಣ್ಣ ಚೀಟಿ ಹೋಗಿ ಹೋಳಿಗೆಯ ದೊಡ್ಡ ಚೀಟಿಯ ಮೇಲೆ ಅಂಟಿಕೊಳ್ಳುತ್ತದೆ. ಭಟ್ಟರಿಗೆ ಓದಲಾಗುವುದಿಲ್ಲ, ಇಲ್ಲವೇ ಎರಡನ್ನೂ ಸೇರಿಸಿ ಹರಿದು ಒಲೆಗೆ ಹಾಕುತ್ತಾರೆ. ಹೋಳಿಗೆ ನಿಂತಿತು. ಈ 'ಸಾಕು ಚೀಟಿ'ಗೆ ವಿಜ್ಞಾನಿಗಳು ಇಟ್ಟ ಹೆಸರು ಮೈಕ್ರೋ ಆರ್‌ಎನ್‌ಎ. ಸುಮಾರು 22 ಅಕ್ಷರಗಳ ಚೀಟಿ, ಅಷ್ಟೆ. ಇದರಿಂದ ಯಾವ ಅಡುಗೆಯೂ ಆಗುವುದಿಲ್ಲ, ಬೇರೆ ಅಡುಗೆಯನ್ನು ತಡೆಯುವುದೇ ಇದರ ಕೆಲಸ. ಮನುಷ್ಯರ ಪುಸ್ತಕದಲ್ಲಿ ಇಂಥ ಸಾವಿರಕ್ಕೂ ಮಿಕ್ಕಿದ ಸಾಕು ಚೀಟಿಗಳಿವೆ. ಒಂದೇ ಚೀಟಿ ಹತ್ತಾರು ಅಡುಗೆಗಳನ್ನು ತಡೆಯಬಲ್ಲದು, ಒಂದೇ ಅಡುಗೆಯ ಮೇಲೆ ನಾಲ್ಕಾರು ಚೀಟಿಗಳ ಕಣ್ಣಿರಬಹುದು. ದೊಡ್ಡ ಸಂಸಾರದಲ್ಲಿ ಯಾರು ಯಾರಿಗೆ ಬುದ್ಧಿ ಹೇಳುತ್ತಾರೆಂದು ತಿಳಿಯುವುದಿಲ್ಲವಲ್ಲ, ಹಾಗೆ.

ಇದನ್ನು ಕಂಡುಹಿಡಿದದ್ದು ಮೊದಲೇ ಹೇಳಿದ ಆ ಹುಳುವಿನಲ್ಲಿ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಇಬ್ಬರು ವಿಜ್ಞಾನಿಗಳು ಸರಿಯಾಗಿ ಬೆಳೆಯಲಾರದ ಹುಳುಗಳನ್ನು ಪರೀಕ್ಷಿಸುತ್ತಿದ್ದರು. ಮೈ ಬೆಳೆದರೂ ಅವುಗಳ ಕೋಶಗಳು ಮರಿಯಾಗಿದ್ದಾಗಿನ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಿದ್ದವು. ಆ ಕೆಲಸವನ್ನು ನಿಲ್ಲಿಸಬೇಕಾಗಿದ್ದ ಸಾಕು ಚೀಟಿ ಅವುಗಳಲ್ಲಿ ಕೆಟ್ಟುಹೋಗಿತ್ತು. 1993ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಹುಳುವಿನ ಚೇಷ್ಟೆ ಇರಬಹುದು ಎಂದು ಲೋಕ ಸುಮ್ಮನಿತ್ತು. 2000ದಲ್ಲಿ ಇಂಥದೇ ಇನ್ನೊಂದು ಚೀಟಿ ಮನುಷ್ಯರಲ್ಲೂ ಇದೆ ಎಂದು ತಿಳಿದ ಮೇಲೆ ಎಲ್ಲರೂ ಎಚ್ಚೆತ್ತರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1993ರ ಆಂಬ್ರೋಸರ ಪ್ರಬಂಧದಲ್ಲಿ ಮೊದಲ ಹೆಸರು ಇರುವುದು ರೋಸಲಿಂಡ್ ಲೀ ಎಂಬಾಕೆಯದು, ಎರಡನೆಯದು ರೋಂಡಾ ಫೈನ್‌ಬಾಮ್ ಎಂಬ ಇನ್ನೊಬ್ಬಾಕೆಯದು. ರೋಸಲಿಂಡ್ ಆಂಬ್ರೋಸರ ಪತ್ನಿ. ಬಹುಮಾನದ ಪಟ್ಟಿಯಲ್ಲಿ ಇಬ್ಬರ ಹೆಸರೂ ಇಲ್ಲ. ಒಲೆಯ ಮುಂದೆ ನಿಂತವರ ಹೆಸರು ಕರೆಯೋಲೆಯಲ್ಲಿ ಇರುವುದಿಲ್ಲ ಎಂಬುದು ನಮ್ಮ ಊರಿನ ಪದ್ಧತಿ ಮಾತ್ರ ಎಂದುಕೊಂಡಿದ್ದೆ.

ಇರಲಿ, ಎದೆಯ ಗಂಟಿಗೆ ಬರೋಣ. ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದ ಹುಳುವೂ ಅಲ್ಲ, ವಿಷವೂ ಅಲ್ಲ. ನಮ್ಮದೇ ಕೋಶ, ನಿಲ್ಲಬೇಕಾದ ಕಡೆ ನಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುವುದು. ಸಾಕು ಎನ್ನುವ ಚೀಟಿಗಳಲ್ಲಿ ಗೊಂದಲವಾದರೆ ಏನಾಗಬಹುದೆಂದು ಈಗ ನೀವೇ ಊಹಿಸಬಲ್ಲಿರಿ. 2005ರಲ್ಲಿ ಮರಿಲೆನಾ ಇಯೋರಿಯೋ ಎಂಬಾಕೆ, ಕಾರ್ಲೋ ಕ್ರೋಚೆ ಮೊದಲಾದವರೊಡನೆ, ಸ್ತನದ ಕ್ಯಾನ್ಸರಿನ ಗಂಟುಗಳನ್ನು ಒಳ್ಳೆಯ ಸ್ತನದ ಭಾಗದೊಂದಿಗೆ ಹೋಲಿಸಿ ನೋಡಿದರು. ಕೆಲವು ಚೀಟಿಗಳು ಕಡಿಮೆಯಾಗಿದ್ದವು, ಕೆಲವು ಮಿತಿಮೀರಿ ಹೆಚ್ಚಾಗಿದ್ದವು. ಹೆಚ್ಚಾದವುಗಳಲ್ಲಿ 21 ಎಂಬ ನಂಬರಿನದು ಮುಖ್ಯ. (ಇವುಗಳಿಗೆ ಹೆಸರಿನ ಬದಲು ನಂಬರು. ನಾಮಕರಣಕ್ಕೆ ಪುರುಸೊತ್ತಿರಲಿಲ್ಲವೇನೋ.)

ತಡೆಯುವ ಚೀಟಿ ಹೆಚ್ಚಾದರೆ ಒಳ್ಳೆಯದೇ ತಾನೇ ಎಂದು ನಾನೂ ಅಣ್ಣನ ಮಗಳನ್ನು ಕೇಳಿದೆ. "ಯಾರನ್ನ ತಡೀತಿದೆ ಅಂತ ನೋಡ್ಬೇಕಲ್ವಾ ಅತ್ತೆ?" ಎಂದಳು. ಸರಿಯೇ. ಹೋಳಿಗೆ ಮಾಡುವವನನ್ನು ತಡೆದರೆ ಹೋಳಿಗೆ ನಿಲ್ಲುತ್ತದೆ. ಉಗ್ರಾಣದ ಕಾವಲುಗಾರನನ್ನೇ 'ನೀನು ಸುಮ್ಮನಿರು' ಎಂದು ತಡೆದರೆ ಉಗ್ರಾಣ ಸೂರೆಯಾಗುತ್ತದೆ. 21ನೇ ಚೀಟಿ ಮಾಡುವುದು ಎರಡನೆಯ ಕೆಲಸ. ಕೋಶ ಮಿತಿಮೀರಿ ಬೆಳೆಯದಂತೆ ಕಾಯುವ ಪ್ರೋಟೀನುಗಳನ್ನು ಅದು ಬಾಯಿ ಮುಚ್ಚಿಸುತ್ತದೆ.

ಆದರೆ ಅಮ್ಮನ ಪ್ರಶ್ನೆ ಬೆಳೆಯುವುದರ ಬಗ್ಗೆ ಅಲ್ಲವಲ್ಲ, ಹೋಗುವುದರ ಬಗ್ಗೆ. ಬೆಳೆದದ್ದು ಬೆಳೆಯಿತು, ಎದೆಯಿಂದ ಬೆನ್ನಿಗೆ ಹೋಗುವುದು ಹೇಗೆ?

ಕಡಲೆಬೀಜದ ಉಂಡೆ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಲ್ಲದ ಪಾಕ ಸರಿಯಾಗಿ ಬಂದಿದ್ದರೆ ಬೀಜ ಬೀಜಕ್ಕೆ ಅಂಟಿ ಉಂಡೆ ನಿಲ್ಲುತ್ತದೆ. ಪಾಕ ಕೆಟ್ಟರೆ ಡಬ್ಬಿ ತುಂಬ ಪುಡಿ. ಸ್ತನದ ಹಾಲಿನ ನಾಳಗಳಲ್ಲಿರುವ ಕೋಶಗಳೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಲ್ಲಿನ ಪಾಕದ ಹೆಸರು ಇ-ಕ್ಯಾಡ್‌ಹೆರಿನ್. ಈ ಪಾಕವನ್ನು ಕೆಡಿಸುವವರು ಇಬ್ಬರು, ಅವರನ್ನು ಹದ್ದಿನಲ್ಲಿಡುವುದು 200ನೇ ನಂಬರಿನ ಚೀಟಿಯ ಕುಟುಂಬ. ಆಸ್ಟ್ರೇಲಿಯಾದ ಅಡಿಲೇಡಿನ ವಿಜ್ಞಾನಿಗಳೂ ಬೇರೆ ಕೆಲವರೂ 2008ರಲ್ಲಿ ಇದನ್ನು ತೋರಿಸಿದರು. ಆ ಚೀಟಿ ಕಡಿಮೆಯಾದರೆ ಪಾಕ ಕೆಡುತ್ತದೆ, ಕೋಶ ಬಿಡಿಯಾಗುತ್ತದೆ. ವಿಚಿತ್ರವೆಂದರೆ, ಹೋದ ಜಾಗದಲ್ಲಿ ಮನೆ ಹೂಡಬೇಕಾದರೆ ಅದಕ್ಕೆ ಮತ್ತೆ ಪಾಕ ಬೇಕಂತೆ. ಅಲ್ಲಿ ಇದೇ 200ನೇ ಚೀಟಿ ಕಾಯಿಲೆಗೇ ಸಹಾಯ ಮಾಡುವುದನ್ನೂ 2011ರಲ್ಲಿ ಕಂಡಿದ್ದಾರೆ. ಇದು ಒಳ್ಳೆಯ ಚೀಟಿ, ಇದು ಕೆಟ್ಟ ಚೀಟಿ ಎಂದು ಎರಡು ಡಬ್ಬಿ ಮಾಡಿ ಇಡಲು ಬರುವುದಿಲ್ಲ.

ಬಿಡಿಯಾದ ಮಾತ್ರಕ್ಕೆ ಕೋಶ ನಡೆಯುವುದಿಲ್ಲ, ಕಾಲು ಬೇಕು. ಆ ಕಾಲು ಕೊಡುವವರ ಕತೆಯನ್ನು ಲೀ ಮಾ ಎಂಬ ಚೀನೀ ಮೂಲದ ಹೆಣ್ಣುಮಗಳು ಅಮೆರಿಕದ ಕೇಂಬ್ರಿಜ್‌ನಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ ಬಿಡಿಸಿದಳು. 2007ರಲ್ಲಿ ಅದು ಪ್ರಕಟವಾಯಿತು. ಅವಳ ಚೀಟಿಯ ನಂಬರು 10ಬಿ. ತಾಯಿಯ ಗರ್ಭದಲ್ಲಿ ಶಿಶು ರೂಪುಗೊಳ್ಳುವಾಗ ಕೋಶಗಳು ಅಲ್ಲಿಂದಿಲ್ಲಿಗೆ ಜಾಗ ಬದಲಿಸಬೇಕಾಗುತ್ತದೆ. ಆಗ ಬೇಕಾಗುವ ಟ್ವಿಸ್ಟ್ ಎಂಬ ಪ್ರೋಟೀನು ಹುಟ್ಟಿದ ಮೇಲೆ ಹೆಚ್ಚಿನ ಕಡೆ ಸುಮ್ಮನಾಗುತ್ತದೆ. ಕ್ಯಾನ್ಸರ್ ಕೋಶ ಅಟ್ಟದ ಮೇಲೆ ಹಾಕಿದ್ದ ಆ ಹಳೆಯ ಸಾಮಾನನ್ನು ಮತ್ತೆ ಕೆಳಗಿಳಿಸುತ್ತದೆ. ಟ್ವಿಸ್ಟ್ 10ಬಿ ಚೀಟಿಯನ್ನು ಹೆಚ್ಚಿಸುತ್ತದೆ, 10ಬಿ ಹೋಗಿ ಒಬ್ಬ ಕಾವಲುಗಾರನ ಬಾಯಿ ಮುಚ್ಚಿಸುತ್ತದೆ, ಅವನು ಅದುಮಿಟ್ಟಿದ್ದ ಇನ್ನೊಂದು ಪ್ರೋಟೀನು ತಲೆಯೆತ್ತಿ ಕೋಶಕ್ಕೆ ಚಲಿಸುವ ಶಕ್ತಿ ಕೊಡುತ್ತದೆ. ಹರಡುವ ಗುಣವಿಲ್ಲದ ಸ್ತನ ಕ್ಯಾನ್ಸರ್ ಕೋಶಗಳಿಗೆ ಲೀ ಮಾ ಈ ಒಂದು ಚೀಟಿಯನ್ನಷ್ಟೇ ಹೆಚ್ಚಿಸಿ ಇಲಿಗಳಲ್ಲಿ ಇಟ್ಟು ನೋಡಿದಳು. ಸುಮ್ಮನೆ ಕೂತಿರುತ್ತಿದ್ದ ಗಂಟು ಅಕ್ಕಪಕ್ಕಕ್ಕೆ ನುಗ್ಗಿತು, ಶ್ವಾಸಕೋಶಕ್ಕೂ ಹೋಯಿತು.

ಇಲಿಗಳಿಗೆ ಯಾರೂ ಚಾಕು ತಾಗಿಸಿ ಕೆರಳಿಸಿರಲಿಲ್ಲ, ಗಮನಿಸಿ. ಹೋಗುವ ಶಕ್ತಿ ಕೋಶದೊಳಗಿನಿಂದಲೇ ಬಂದದ್ದು.

ಹೋದ ಕೋಶ ಎಲ್ಲೆಂದರಲ್ಲಿ ಊರುವುದೂ ಇಲ್ಲ. ಇದನ್ನು ಗುರುತಿಸಿದವರು ಬಹಳ ಹಿಂದಿನವರು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನದ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ಕೂತು ನೋಡಿದರು. ಲಿವರಿನಲ್ಲಿ ಎಷ್ಟೋ ಸಲ ಗಂಟು ಕಂಡಿತ್ತು, ಗುಲ್ಮದಲ್ಲಿ ಬಹಳ ಅಪರೂಪ. ರಕ್ತ ಎರಡಕ್ಕೂ ಹೋಗುತ್ತದಲ್ಲ, ಮತ್ತೇಕೆ ಹೀಗೆ? ಬೀಜ ಎಲ್ಲ ಕಡೆ ಹಾರಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದರು ಅವರು. ನಮ್ಮ ರೈತನಿಗೆ ಹೊಸ ವಿಷಯವೇನಲ್ಲ. ಸ್ತನದ ಕ್ಯಾನ್ಸರಿಗೆ ಒಗ್ಗುವ ನೆಲಗಳಲ್ಲಿ ಮೂಳೆ ಮುಖ್ಯವಾದದ್ದು.

ಈಚೆಗೆ ತಿಳಿದದ್ದೆಂದರೆ, ಈ ಬೀಜಕ್ಕೆ ನೆಲವನ್ನು ಮೊದಲೇ ಹದಮಾಡುವ ಜಾಣತನವೂ ಇದೆ. ಗಂಟಿನ ಕೋಶಗಳು ಸಾಕು ಚೀಟಿಗಳನ್ನು ಕಣ್ಣಿಗೆ ಕಾಣದ ಪೊಟ್ಟಣಗಳಲ್ಲಿ ಕಟ್ಟಿ ರಕ್ತದಲ್ಲಿ ತೇಲಿಬಿಡುತ್ತವೆ. ಕ್ಯಾಲಿಫೋರ್ನಿಯಾದ ಎಮಿಲಿ ವಾಂಗ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, 105 ನಂಬರಿನ ಚೀಟಿ ರಕ್ತನಾಳದ ಗೋಡೆಯ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸಿ ದಾರಿ ಮಾಡಿಕೊಡುತ್ತದೆ. 2015ರಲ್ಲಿ ಅವರೇ ಇನ್ನೊಂದನ್ನು ಕಂಡರು. 122ನೇ ಚೀಟಿಯ ಪೊಟ್ಟಣ ತಲುಪಿದ ಕಡೆ ಒಳ್ಳೆಯ ಕೋಶಗಳು ಸಕ್ಕರೆ ತಿನ್ನುವುದನ್ನು ಕಡಿಮೆ ಮಾಡುತ್ತವೆ. ಮುಂದೆ ಬರುವ ಅತಿಥಿಗೆ ಉಳಿಯಲೆಂದು! ಹಾಗೆಂದು ನೀವು ಕಾಫಿಗೆ ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬೀಳುತ್ತದೆ ಎಂದುಕೊಳ್ಳಬೇಡಿ. ನೀವು ಸಕ್ಕರೆ ತಿನ್ನದಿದ್ದರೂ ಮೈ ತನಗೆ ಬೇಕಾದ ಸಕ್ಕರೆಯನ್ನು ಅನ್ನ ರೊಟ್ಟಿಯಿಂದ ಮಾಡಿಕೊಳ್ಳುತ್ತದೆ.

ಇನ್ನು ಅಮ್ಮನ ಪ್ರಶ್ನೆಯ ಅತಿ ಕಠಿಣ ಭಾಗ. ಆರು ವರ್ಷ ಎಲ್ಲಿತ್ತು ಅದು? ಇದಕ್ಕೆ ಡಾಕ್ಟರಮ್ಮ ಕೊಟ್ಟ ಉತ್ತರ ಕೇಳಿ ನನಗೆ ಮೈ ಜುಮ್ಮೆಂದಿತು. ಗಂಟು ಕೈಗೆ ಸಿಗುವ ಹೊತ್ತಿಗೇ ಕೆಲವರಲ್ಲಿ ಒಂದಷ್ಟು ಕೋಶಗಳು ಹೊರಟುಹೋಗಿ ಮೂಳೆಯ ಒಳಗಿನ ಮಜ್ಜೆಯಲ್ಲಿ ಮಲಗಿಬಿಟ್ಟಿರುತ್ತವೆ. ಒಂದೊಂದೇ ಕೋಶ, ಯಾವ ಸ್ಕ್ಯಾನಿಗೂ ಕಾಣುವುದಿಲ್ಲ. ಹೆಚ್ಚುವುದಿಲ್ಲ, ಸಾಯುವುದಿಲ್ಲ, ಸುಮ್ಮನೆ ನಿದ್ದೆ. ಬೆಳೆಯುವ ಕೋಶಗಳನ್ನು ಹುಡುಕಿ ಕೊಲ್ಲುವ ಇಂಜೆಕ್ಷನ್ನುಗಳಿಗೂ ಇವು ಸುಲಭವಾಗಿ ಸಿಗುವುದಿಲ್ಲ. 2014ರಲ್ಲಿ ಜಪಾನಿನ ತಕಾಹಿರೋ ಓಚಿಯಾ ಅವರ ತಂಡ ಈ ನಿದ್ದೆಯ ಒಂದು ಕಾರಣವನ್ನು ಕಂಡಿತು. ನಮ್ಮ ಮಜ್ಜೆಯ ಮೂಲಕೋಶಗಳೇ 23ಬಿ ಎಂಬ ಸಾಕು ಚೀಟಿಯನ್ನು ಪೊಟ್ಟಣ ಕಟ್ಟಿ ಆ ಕ್ಯಾನ್ಸರ್ ಕೋಶಕ್ಕೆ ಕೊಡುತ್ತವಂತೆ, ಅದು ಬೆಳೆಯುವುದನ್ನು ನಿಲ್ಲಿಸುತ್ತದಂತೆ. ಶತ್ರುವಿಗೂ ಜೋಗುಳ! ವರ್ಷಗಳಾದ ಮೇಲೆ ಯಾವುದೋ ಕಾರಣಕ್ಕೆ ಎಚ್ಚರವಾದರೆ, ಬೆನ್ನುನೋವು.

ಅಂದಮೇಲೆ ಅಕ್ಕನ ಬೆನ್ನಿಗೆ ಹೋದದ್ದು ಆಪರೇಷನ್ನಿನ ಚಾಕುವಿನಿಂದ ಜಾರಿದ್ದಲ್ಲ. ಅದು ಅಷ್ಟು ಹೊತ್ತಿಗೆ ಹೊರಟಾಗಿತ್ತು. ಗಂಟನ್ನು ಹಾಗೇ ಬಿಟ್ಟಿದ್ದರೆ ಅದು ದಿನ ದಿನವೂ ಇನ್ನಷ್ಟು ಬೀಜ ಹಾರಿಸುತ್ತಿತ್ತು. ಆ ಆರು ವರ್ಷ, ಮಗಳ ಮದುವೆ, ಮೊಮ್ಮಗುವಿನ ಬಾಣಂತನ, ಇವೆಲ್ಲ ಅಮ್ಮ ಹಟ ಮಾಡಿ ಮಾಡಿಸಿದ ಆಪರೇಷನ್ನಿನಿಂದ, ಆಮೇಲಿನ ಚಿಕಿತ್ಸೆಯಿಂದ ಸಿಕ್ಕಿದವು. ಅಮ್ಮನ ಪಕ್ಕ ಕೂತು ಇದನ್ನೆಲ್ಲ ಎರಡು ದಿನ ಹೇಳಿದೆ. ಉಂಡೆ ಪಾಕದ ಮಾತು ಬೇಗ ಹಿಡಿಸಿತು. ಜೋಗುಳದ ಮಾತಿಗೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ನಾನು ಹಟ ಮಾಡಿದ್ದು ತಪ್ಪಲ್ಲ ಅಂತೀಯಾ?" ಎಂದಳು. ಅಲ್ಲ ಎಂದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಈಗಲೂ ತಿಂಗಳಿಗೊಮ್ಮೆ ಕೇಳುತ್ತಾಳೆ, ಹೇಳುತ್ತೇನೆ.

ಸೂಜಿಯ ವಿಷಯಕ್ಕೂ ಇದೇ ಮಾತು. ಸೂಜಿ ಹೋದ ದಾರಿಯಲ್ಲಿ ಒಂದೆರಡು ಕೋಶ ಜಾರುವುದನ್ನು ಕಂಡವರಿದ್ದಾರೆ, ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಜಾರಿದ ಮಾತ್ರಕ್ಕೆ ಕೋಶ ದೂರ ಹೋಗಿ ಬೇರೂರಲಾರದು, ಅದಕ್ಕೆ ಎಷ್ಟು ಸಿದ್ಧತೆ ಬೇಕೆಂದು ಇಷ್ಟು ಹೊತ್ತು ನೋಡಿದಿರಿ. ಸೂಜಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅದರಿಂದಾಗಿ ಕಾಯಿಲೆ ಹೆಚ್ಚು ಹರಡಿದ್ದು ಕಂಡುಬಂದಿಲ್ಲ. ಸೂಜಿ ಹಾಕದೆ ಗಂಟು ಯಾವ ಜಾತಿಯದೆಂದು ತಿಳಿಯುವುದಿಲ್ಲ, ಜಾತಿ ತಿಳಿಯದೆ ಔಷಧ ನಿರ್ಧರಿಸಲಾಗುವುದಿಲ್ಲ.

ಇಷ್ಟೆಲ್ಲ ಗೊತ್ತಾಗಿದೆಯಲ್ಲ, ಆ ಕೆಟ್ಟ ಚೀಟಿಯನ್ನೇ ಹರಿದು ಹಾಕುವ ಔಷಧ ಎಲ್ಲಿ ಎಂದು ನೀವು ಕೇಳುತ್ತೀರಿ. ಲೀ ಮಾ 2010ರಲ್ಲೇ 10ಬಿ ಚೀಟಿಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುವ ಔಷಧವನ್ನು ಇಲಿಗಳಿಗೆ ಕೊಟ್ಟು ನೋಡಿದ್ದಳು. ಮೊದಲ ಗಂಟು ಕರಗಲಿಲ್ಲ, ಆದರೆ ಶ್ವಾಸಕೋಶದಲ್ಲಿ ಹೊಸ ಗಂಟುಗಳು ಹುಟ್ಟುವುದು ಬಹಳ ಕಡಿಮೆಯಾಯಿತು. ಅಂಥದೇ ತತ್ವದ ಇನ್ನೊಂದು ಔಷಧವನ್ನು, ಕಬ್ಬಿಣದ ಅಂಶದ ಅತಿ ಸಣ್ಣ ಕಣಗಳ ಮೇಲೆ ಕೂರಿಸಿ, 2023ರಿಂದ ಅಮೆರಿಕದಲ್ಲಿ ರೋಗಿಗಳಲ್ಲಿ ಮೊದಲ ಹಂತದ ಪರೀಕ್ಷೆಗೆ ತಂದಿದ್ದಾರೆ. ಆತುರ ಪಡುವಂತಿಲ್ಲ. 2013ರಲ್ಲಿ ಬೇರೊಂದು ಸಾಕು ಚೀಟಿಯ ಔಷಧವನ್ನು ಕ್ಯಾನ್ಸರ್ ರೋಗಿಗಳಿಗೆ ಕೊಡಲು ಆರಂಭಿಸಿ, ಕೆಲವರಿಗೆ ಪ್ರಾಣಾಪಾಯದ ತೊಂದರೆಯಾದ್ದರಿಂದ 2016ರಲ್ಲಿ ನಿಲ್ಲಿಸಬೇಕಾಯಿತು. ಒಂದು ಚೀಟಿ ಹತ್ತಾರು ಅಡುಗೆಗೆ ಕೈ ಹಾಕುತ್ತದೆ ಎಂದೆನಲ್ಲ, ಕಷ್ಟ ಇರುವುದು ಅಲ್ಲೇ. ಯಾವ ಚೀಟಿ ಎಷ್ಟಿದೆ ಎಂದು ನೋಡಿ ಭವಿಷ್ಯ ಹೇಳುವುದೂ ಸುಲಭವಲ್ಲ. ಲೀ ಮಾ ನೋಡಿದ ರೋಗಿಗಳಲ್ಲಿ, ಕಾಯಿಲೆ ಹರಡಿದವರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ 10ಬಿ ಹೆಚ್ಚಿತ್ತು. ಮರುವರ್ಷ ಬೇರೆ ತಂಡವೊಂದು ಇನ್ನೂರಕ್ಕೂ ಹೆಚ್ಚು ರೋಗಿಗಳ ಗಂಟುಗಳನ್ನು ನೋಡಿ, ಅಂಥ ಹೊಂದಿಕೆ ತಮಗೆ ಕಾಣಲಿಲ್ಲ ಎಂದಿತು. ಆದ್ದರಿಂದ ಮೈಕ್ರೋ ಆರ್‌ಎನ್‌ಎ ಪರೀಕ್ಷೆ ಎಂದು ಯಾರಾದರೂ ನಿಮ್ಮ ರಕ್ತ ತೆಗೆದುಕೊಂಡು ಸಾವಿರಾರು ರೂಪಾಯಿ ಕೇಳಿದರೆ, ನಿಮಗೆ ಚಿಕಿತ್ಸೆ ಕೊಡುವ ಕ್ಯಾನ್ಸರ್ ಡಾಕ್ಟರರನ್ನು ಕೇಳದೆ ಪರ್ಸು ಬಿಚ್ಚಬೇಡಿ.

ಕೈಯಲ್ಲಿರುವ ಉಪಾಯ ಹಳೆಯದೇ, ಬೀಜ ಹಾರುವ ಮೊದಲು ಗಂಟನ್ನು ಹಿಡಿಯುವುದು. ಇದಕ್ಕೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಮಾಡಿದ ಕೆಲಸವನ್ನು ನೀವು ತಿಳಿದಿರಬೇಕು. 1998ರಲ್ಲಿ ಆರಂಭಿಸಿ, ಅಲ್ಲಿನ ಬಡ ಬಡಾವಣೆಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಪರೀಕ್ಷಿಸಿದವರು ಡಾಕ್ಟರರೂ ಅಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಯಂತ್ರವಿಲ್ಲ, ಎಕ್ಸ್‌ರೇ ಇಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಲೆಕ್ಕ ಹೇಳಿದರು. ಪರೀಕ್ಷೆಯಾದ ಗುಂಪಿನಲ್ಲಿ ಗಂಟುಗಳು ಇನ್ನೂ ಬೇಗನೆ, ಸಣ್ಣದಿರುವಾಗಲೇ ಸಿಕ್ಕಿದ್ದವು. 50 ದಾಟಿದ ಹೆಂಗಸರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು. 50ರ ಕೆಳಗಿನವರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. 30 ದಾಟಿದ ಹೆಂಗಸರಿಗೆ ಇಂಥ ತಪಾಸಣೆ ಮಾಡುವ ಕಾರ್ಯಕ್ರಮ ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ 'ಒಲೆ ಮೇಲೆ ಹಾಲಿದೆ' ಎಂದು ಕಳಿಸದೆ ಯಾವ ದಿನ ಎಂದು ಕೇಳಿಟ್ಟುಕೊಳ್ಳಿ.

ನೋವಿಲ್ಲದ ಗಂಟು, ಕಂಕುಳಲ್ಲಿ ಗಂಟು, ಕಿತ್ತಳೆ ಸಿಪ್ಪೆಯಂತೆ ಕುಳಿ ಬಿದ್ದ ಚರ್ಮ, ಹೊಸದಾಗಿ ಒಳಕ್ಕೆ ಸೇದಿಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರರ ಬಳಿ ಹೋಗಬೇಕು. ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲದವೇ. ನೋವಿಲ್ಲವಲ್ಲ ಎಂದು ಸಮಾಧಾನ ಪಡುವುದೇ ನಮ್ಮಲ್ಲಿ ಬಹಳ ಮಂದಿಯ ಅಭ್ಯಾಸ.

ಓರಗಿತ್ತಿ ನನ್ನ ಉಂಡೆ ಪಾಕದ ವಿವರಣೆಯನ್ನೆಲ್ಲ ಕೇಳಿ, "ನೀವು ಹೇಳೋದು ಅರ್ಧ ಅರ್ಥ ಆಯ್ತು. ಆ ಇಲಿಗಳಿಗೆ ಚಾಕು ಹಾಕ್ದೇನೇ ಹರಡ್ತಲ್ಲ, ಅದು ಪೂರ್ತಿ ಅರ್ಥ ಆಯ್ತು" ಎಂದಳು. ಮಾರನೇ ವಾರ ಸೂಜಿ ಪರೀಕ್ಷೆಗೆ ಹೋದೆವು. ಕ್ಯಾನ್ಸರ್ ಹೌದೆಂದು ಬಂತು. ಆದರೆ ಗಂಟು ಸಣ್ಣದು, ಕಂಕುಳಿಗೆ ಹೋಗಿರಲಿಲ್ಲ. ಸ್ತನವನ್ನು ಪೂರ್ತಿ ತೆಗೆಯದೆ ಗಂಟನ್ನಷ್ಟೇ ತೆಗೆದು, ಕರೆಂಟ್ ಕೊಟ್ಟರು. ಅವಳದು ಹಾರ್ಮೋನಿಗೆ ಸ್ಪಂದಿಸುವ ಜಾತಿ, ಹಾಗಾಗಿ ದಿನಕ್ಕೊಂದು ಮಾತ್ರೆ. ಐದು ವರ್ಷ ತಪ್ಪದೆ ತೆಗೆದುಕೊಳ್ಳಬೇಕು, ಕೆಲವರಿಗೆ ಹತ್ತು ವರ್ಷವೂ ಹೇಳುತ್ತಾರೆ. ಎಲ್ಲೋ ಮಲಗಿರಬಹುದಾದ ಕೋಶ ಎದ್ದು ಬೆಳೆಯುವ ಅಪಾಯವನ್ನು ಈ ಮಾತ್ರೆ ತಗ್ಗಿಸುತ್ತದೆ. ಒಂದೆರಡು ವರ್ಷಕ್ಕೆ, 'ಈಗ ಹುಷಾರಾಗಿದೀನಲ್ಲ' ಎಂದು ಎಷ್ಟೋ ಹೆಂಗಸರು ತಾವಾಗಿಯೇ ನಿಲ್ಲಿಸಿಬಿಡುತ್ತಾರಂತೆ, ಡಾಕ್ಟರಮ್ಮನ ದೊಡ್ಡ ಗೋಳು ಅದು.

ಇವಳ ಮಾತ್ರೆಯ ಸ್ಟ್ರಿಪ್ಪು ಕಾಫಿಪುಡಿ ಡಬ್ಬಿಯೊಳಗೆ ಇರುತ್ತದೆ. ಬೆಳಗ್ಗೆ ಆ ಡಬ್ಬಿ ತೆರೆಯದೆ ನಮ್ಮ ಮನೆಯಲ್ಲಿ ದಿನ ಶುರುವಾಗುವುದಿಲ್ಲವಲ್ಲ. ರಾತ್ರಿ ಎಂಟಕ್ಕೆ ಅಮ್ಮ ಫೋನ್ ಮಾಡುತ್ತಾಳೆ, ನನಗಲ್ಲ, ಅವಳಿಗೆ. "ಮಾತ್ರೆ ತಗೊಂಡ್ಯೇನೇ?" ಎಂದು ಕೇಳಿ, ಹೂಂ ಎಂದ ಮೇಲೆಯೇ ಊಟಕ್ಕೆ ಏಳುತ್ತಾಳೆ.